ಹೊಟ್ಟೆಯಲ್ಲಿ ನಿಲ್ಲುವುದು

ಆಲ್ಕೊಳ, ಶಿವಮೊಗ್ಗ
9 ಮಾರ್ಚ್ 1998

ಡಾಕ್ಟರ್ ಅಕ್ಷರಾ ಮೇಡಂ ಅವರಿಗೆ ರಂಜಿನಿಯ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ಹೊಳೆಯಲಿಕ್ಕಿಲ್ಲ. ಹೋದ ತಿಂಗಳು ಭದ್ರಾವತಿಯ ನಿಮ್ಮ ಕ್ಲಿನಿಕ್ಕಿಗೆ ವಾಂತಿ ಎಂದು ಬಂದವರು, ನೀವು ಒಂದು ಪ್ರಶ್ನೆ ಕೇಳಿದ ಕೂಡಲೇ ಎದ್ದು ಹೊರಟುಹೋದರಲ್ಲ, ಕಾಂತರಾಜ್ ಎಂದು, ನಾನು ಅವರ ಹೆಂಡತಿ. "ಗಾಂಜಾ ಏನಾದ್ರೂ ಸೇದ್ತೀರೇನ್ರೀ?" ಎಂದು ನೀವು ಕೇಳಿದ್ದು ಪರದೆಯ ಆಚೆ ಬೆಂಚಿನ ಮೇಲಿದ್ದವರಿಗೆಲ್ಲ ಕೇಳಿಸಿತು. ಅಲ್ಲಿ ಅವರದೇ ಶಿಫ್ಟಿನ ಮೂರ್ತಪ್ಪ ಕೂತಿದ್ದರು. ಮಾರನೆಯ ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅದೇ ಮಾತಂತೆ. ಇವರು ರಜೆ ಹಾಕಿ, ಬಾಡಿಗೆ ಮನೆಗೆ ಬೀಗ ಜಡಿದು, ನನ್ನನ್ನೂ ಮಗಳು ಕವನಳನ್ನೂ ಕರೆದುಕೊಂಡು ಇಲ್ಲಿ ತಾಯಿಯ ಮನೆಗೆ ಬಂದುಬಿಟ್ಟರು. "ಆ ಡಾಕ್ಟರಮ್ಮ ಪೊಲೀಸ್ನೋರಿಗೂ ಹೇಳ್ತಾಳೆ, ನೋಡ್ತಿರು" ಎನ್ನುತ್ತಾರೆ. ನಿಮ್ಮ ಕ್ಲಿನಿಕ್ಕಿನ ಮೆಟ್ಟಿಲನ್ನು ಸತ್ತರೂ ಹತ್ತುವುದಿಲ್ಲವಂತೆ.

ಅವರು ಹೇಳದೇ ಹೋದ ಉತ್ತರವನ್ನು ನಾನು ಬರೆಯುತ್ತಿದ್ದೇನೆ. ಸೇದುತ್ತಾರೆ ಮೇಡಂ. ನೈಟ್ ಶಿಫ್ಟ್ ಮುಗಿಸಿ ಬಂದರೆ ನಿದ್ದೆ ಬರುವುದಿಲ್ಲ ಎಂದು ಶುರು ಮಾಡಿದ್ದು, ಈಗ ದಿನವೂ ಬೇಕು. ಬೇರೆ ಕೆಟ್ಟ ಗುಣ ಒಂದೂ ಇಲ್ಲ. ವಾಂತಿ ನಿಲ್ಲಲಿ ಎಂದೇ ಈಗೀಗ ಹೆಚ್ಚು ಸೇದುತ್ತಿದ್ದಾರೆ. ಇಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಗಂಟಲೊಳಗೆ ಟ್ಯೂಬ್ ಇಳಿಸಿ ನೋಡಿದರು, ಏನೂ ಇಲ್ಲ ಎಂದರು. ಒಂದು ವಾರ ಡ್ರಿಪ್ ಹಾಕಿ ಮಲಗಿಸಿಕೊಂಡರು, ಚೆನ್ನಾದರು. ಮನೆಗೆ ಬಂದ ಮೇಲೆ ಮತ್ತೆ ಶುರು.

ಇನ್ನೊಂದು ವಿಷಯ. ಇದನ್ನು ಆಸ್ಪತ್ರೆಯಲ್ಲಿ ಯಾರಿಗೂ ಹೇಳಲಿಲ್ಲ, ನಗುತ್ತಾರೆಂದು. ಅವರು ದಿನವಿಡೀ ಬಿಸಿನೀರು ಹೊಯ್ದುಕೊಳ್ಳುತ್ತಾರೆ. ಈ ಬೇಸಿಗೆಯಲ್ಲಿ! ಹಂಡೆಯ ನೀರು ಕುದಿಯಬೇಕು, ಬಚ್ಚಲಲ್ಲಿ ಕೂತು ಚೊಂಬು ಚೊಂಬು ಸುರಿದುಕೊಳ್ಳುತ್ತಲೇ ಇರಬೇಕು. ಅಷ್ಟು ಹೊತ್ತು ವಾಂತಿ ಬರುವುದಿಲ್ಲ. ಎದ್ದು ಮೈ ಒರೆಸಿಕೊಂಡರೆ ಮತ್ತೆ ಶುರು. ಅತ್ತೆ ಹಾಲಮ್ಮನವರು ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತಾರೆ. ನನಗೆ ಕ್ಯಾನ್ಸರ್ ಇರಬಹುದೆಂಬ ಭಯ. ಅವರ ಪ್ಯಾಂಟು ಈಗ ಸೊಂಟದಲ್ಲಿ ನಿಲ್ಲುವುದಿಲ್ಲ ಮೇಡಂ.

ನಿಮಗೆ ಬರೆದದ್ದು ಅವರಿಗೆ ಗೊತ್ತಿಲ್ಲ. ಪಕ್ಕದ ಮನೆಯ ಫೋನಿನಿಂದ ಮಾತಾಡೋಣವೆಂದರೆ ಆ ಮನೆಯವರು ಇವರ ಅಣ್ಣತಮ್ಮಂದಿರೇ. ನಾನು ಬ್ಲೌಸ್ ಹೊಲಿಯಲು ಹೋಗುವ ಪುಷ್ಪಮ್ಮನ ಅಂಗಡಿಯ ವಿಳಾಸ ಕೆಳಗಿದೆ, ಅಲ್ಲಿಗೇ ಬರೆಯಿರಿ.

ಇಂತಿ,
ರಂಜಿನಿ

*

ನ್ಯೂ ಟೌನ್, ಭದ್ರಾವತಿ
12 ಮಾರ್ಚ್ 1998

ರಂಜಿನಿಯವರಿಗೆ,

ಚೆನ್ನಾಗಿ ನೆನಪಿದೆ. ನಿಮ್ಮ ಯಜಮಾನರು ಅವಸರದಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರ ಜೋಡು ಇನ್ನೂ ನಮ್ಮ ಬಾಗಿಲಲ್ಲೇ ಇದೆ.

ಪರದೆ ತೆರೆದಿಟ್ಟು ಅಂಥ ಪ್ರಶ್ನೆ ಕೇಳಿದ್ದು ನನ್ನ ದಡ್ಡತನ. ಈಗ ಬೆಂಚನ್ನು ಅಂಗಳಕ್ಕೆ ಹಾಕಿಸಿದ್ದೇನೆ. ಪೊಲೀಸರ ಮಾತು ಬಿಡಿ. ರೋಗಿ ಹೇಳಿದ್ದನ್ನು ಊರಿಗೆ ಹಂಚುವುದಾದರೆ ನಾನು ಕ್ಲಿನಿಕ್ ಮುಚ್ಚಿ ದಿನಪತ್ರಿಕೆ ನಡೆಸಬಹುದು.

ಬಿಸಿನೀರಿನ ವಿಷಯ ಬರೆದು ಒಳ್ಳೆಯದು ಮಾಡಿದಿರಿ. ನಾನು ನಗಲಿಲ್ಲ. ಅದರ ಬಗ್ಗೆ ಇನ್ನಷ್ಟು ಬರೆಯಿರಿ: ಇದು ಯಾವಾಗ ಶುರುವಾಯಿತು? ಆಸ್ಪತ್ರೆಯಲ್ಲಿದ್ದಾಗಲೂ ಸ್ನಾನ ಬೇಕೆಂದರೇ? ಆ ವಾರ ಅಲ್ಲಿ ಸೇದುತ್ತಿದ್ದರೇ? ಮತ್ತೆ, ಅವರ ಹೊಟ್ಟೆಯಲ್ಲಿ ಏನಾದರೂ ನಿಲ್ಲುತ್ತಿದೆಯೇ?

ಇಂಥ ವಾಂತಿಯಲ್ಲಿ ಮನುಷ್ಯ ಸೊರಗುವುದು ಮೈಯ ನೀರು, ಉಪ್ಪು ಹೋಗಿ. ಕ್ಯಾನ್ಸರ್ ಇದ್ದಿದ್ದರೆ ಟ್ಯೂಬ್ ಹಾಕಿ ನೋಡಿದವರಿಗೆ ಕಾಣುತ್ತಿತ್ತು. ನೀವು ಹೆದರಬೇಡಿ.

ಡಾ. ಅಕ್ಷರಾ

*

ಆಲ್ಕೊಳ
19 ಮಾರ್ಚ್ 1998

ಮೇಡಂ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಅಂಗಡಿಯಲ್ಲೇ ನಿಂತು ಎರಡು ಸಲ ಓದಿದೆ. ಹೆದರಬೇಡಿ ಎಂದು ಬರೆದಿದ್ದೀರಿ. ಆ ಮಾತನ್ನು ಹೇಳುವವರು ಇಷ್ಟು ದಿನ ಯಾರೂ ಇರಲಿಲ್ಲ.

ಬಿಸಿನೀರು ದೀಪಾವಳಿಯ ಆಸುಪಾಸಿನಲ್ಲಿ ಶುರುವಾದದ್ದು. ಆಸ್ಪತ್ರೆಯಲ್ಲಿ ಮೊದಲೆರಡು ದಿನ ಬಿಸಿನೀರು ಕೊಡಿ ಎಂದು ನರ್ಸ್‌ಗಳ ಜೊತೆ ಜಗಳವಾಡಿದರು, ಆಮೇಲೆ ಕೇಳಲಿಲ್ಲ. ಅಲ್ಲಿ ಸೇದಿಲ್ಲ, ಮೈದುನ ಯೋಗರಾಜ್ ಪಕ್ಕದಲ್ಲೇ ಮಲಗುತ್ತಿದ್ದ.

ಹೊಟ್ಟೆಯಲ್ಲಿ ಅನ್ನ ನಿಲ್ಲುವುದಿಲ್ಲ, ಎಳನೀರು ನಿಲ್ಲುವುದಿಲ್ಲ. ಅತ್ತೆ ತಮ್ಮ ತವರಿನಿಂದ ಯಾವುದೋ ಸೊಪ್ಪಿನ ಪುಡಿ ತರಿಸಿ, ತುಪ್ಪದಲ್ಲಿ ಹುರಿದು, ಎಳ್ಳು ಬೆಲ್ಲ ಕಲಸಿ ಗೋಲಿಯಷ್ಟು ಉಂಡೆ ಮಾಡುತ್ತಾರೆ. ಹೊಟ್ಟೆ ಕೆಟ್ಟವರಿಗೆ ಅವರ ಮನೆಯಲ್ಲಿ ಹಿಂದಿನಿಂದ ಕೊಡುತ್ತಿದ್ದದ್ದಂತೆ. ಅದೊಂದೇ ಒಳಗೆ ನಿಲ್ಲುವುದು. ದಿನಕ್ಕೆ ಒಂದು ಕೊಡುತ್ತಿದ್ದಾರೆ. ಕೊಡಬಹುದಾ? "ನಿಮ್ಮ ಡಾಕ್ಟ್ರಮ್ಮನ್ನ ಒಂದ್ ಮಾತು ಕೇಳು. ಬೇಡ ಅಂದ್ರೆ ನಿಲ್ಲಿಸ್ತೀನಿ" ಎಂದು ಅವರೇ ಹೇಳಿದರು. ನಾನು ನಿಮಗೆ ಬರೆಯುವುದು ಅತ್ತೆಗೆ ಗೊತ್ತು. ಪಥ್ಯ ಕೇಳಲಿಕ್ಕೆ ಬರೆಯುತ್ತೇನೆ ಎಂದಷ್ಟೇ ಗೊತ್ತು.

ರಂಜಿನಿ

*

ಭದ್ರಾವತಿ
22 ಮಾರ್ಚ್ 1998

ರಂಜಿನಿಯವರಿಗೆ,

ಇದನ್ನು ನಿಧಾನವಾಗಿ ಓದಿ.

ಮೂರು ವರ್ಷದ ಹಿಂದೆ ನನ್ನ ಹತ್ತಿರ ಒಬ್ಬ ಲಾರಿ ಡ್ರೈವರ್ ಬರುತ್ತಿದ್ದ. ಲಕ್ಷ್ಮೀಕಾಂತ ಎಂದು. ಹೀಗೇ ವಾಂತಿ, ಹೀಗೇ ಬಿಸಿನೀರು. ದಾರಿಯ ಹೋಟೆಲುಗಳಲ್ಲಿ ಊಟ ಕೇಳುವ ಮೊದಲು ಬಿಸಿನೀರು ಇದೆಯೇ ಎಂದು ಕೇಳುತ್ತಿದ್ದನಂತೆ. ಅವನೂ ದಿನವೂ ಗಾಂಜಾ ಸೇದುವವನೇ. ಏನೋ ಕೇಸಿನಲ್ಲಿ ಒಂದು ತಿಂಗಳು ಜೈಲಿನಲ್ಲಿದ್ದು ಬಂದ, ವಾಂತಿಯೇ ಇರಲಿಲ್ಲ. ಹೊರಗೆ ಬಂದು ಮತ್ತೆ ಸೇದಿದ, ಮತ್ತೆ ವಾಂತಿ. ಆಗ ನನಗೆ ಹೊಳೆಯಲಿಲ್ಲ, ನಿಮ್ಮ ಕಾಗದ ಓದಿದ ಮೇಲೆ ಹೊಳೆಯಿತು.

ವಾಂತಿಗೆ ಗಾಂಜಾ ಒಳ್ಳೆಯದು ಎಂದೇ ಸೇದುವವರೆಲ್ಲ ಹೇಳುತ್ತಾರೆ, ನನ್ನ ಪುಸ್ತಕಗಳೂ ಹಾಗೇ ಹೇಳುತ್ತವೆ. ಆದರೆ ವರ್ಷಗಟ್ಟಲೆ ಬಳಸಿದ ಕೆಲವರಿಗೆ ಅದು ತಿರುಗಿ ಬೀಳುತ್ತದೆಂದು ನನ್ನ ಅನುಮಾನ. ನಿಮ್ಮವರು ವಾಂತಿ ನಿಲ್ಲಲೆಂದು ಸೇದುತ್ತಿದ್ದಾರೆ, ಸೇದುತ್ತಿರುವುದರಿಂದಲೇ ವಾಂತಿ. ಪೂರ್ತಿ ನಿಲ್ಲಿಸಬೇಕು. ಒಂದು ದಮ್ಮೂ ಬೇಡ. ಮೊದಲ ವಾರ ಕಷ್ಟ: ನಿದ್ದೆ ಬರುವುದಿಲ್ಲ, ಸಿಡುಕುತ್ತಾರೆ. ಎರಡನೆಯ ವಾರಕ್ಕೆ ಊಟ ಕೇಳಬೇಕು.

ಅತ್ತೆಯವರ ಉಂಡೆ ಧಾರಾಳವಾಗಿ ಕೊಡಲಿ. ಎಳ್ಳು, ಬೆಲ್ಲ, ತುಪ್ಪದಲ್ಲಿ ಕೆಟ್ಟದ್ದೇನಿದೆ? ಅಜ್ಜಿಯರ ಮದ್ದನ್ನು ಬೈಯುವ ಡಾಕ್ಟರ್ ನಾನಲ್ಲ. ಒಮ್ಮೆಗೇ ಹೊಟ್ಟೆ ತುಂಬಿಸಬೇಡಿ. ಹೊಟ್ಟೆಯಲ್ಲಿ ಏನು ನಿಲ್ಲುತ್ತದೋ ಅದನ್ನು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕೊಡಿ.

ಡಾ. ಅಕ್ಷರಾ

*

ಆಲ್ಕೊಳ
30 ಮಾರ್ಚ್ 1998

ಮೇಡಂ ಅವರಿಗೆ ನಮಸ್ಕಾರಗಳು.

ಬಿಟ್ಟರು. ಡ್ರೈವರ್ ಕಥೆಯನ್ನು ಪುಷ್ಪಮ್ಮನ ನೆಂಟರ ಕಥೆಯೆಂದು ಹೇಳಿದೆ. ಅವರು ಕೇಳಿಸಿಕೊಂಡು, ಎದ್ದು ಹೋಗಿ, ತಮ್ಮ ಹತ್ತಿರ ಇದ್ದದ್ದನ್ನೆಲ್ಲ ಬಚ್ಚಲ ಒಲೆಗೆ ಹಾಕಿದರು. "ಸಾಯೋಕಿಂತ ಇದೇ ವಾಸಿ ಮಾರಾಯ್ತಿ" ಎಂದರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಮದುವೆಯಾದ ಮೇಲೆ ಇಷ್ಟು ಖುಷಿಯಿಂದ ಅತ್ತದ್ದು ಇದೇ ಮೊದಲು.

ಆದರೆ ವಾಂತಿ ನಿಂತಿಲ್ಲ. ಯುಗಾದಿಯ ದಿನ ಬೇವು ಬೆಲ್ಲವೂ ಒಳಗೆ ನಿಲ್ಲಲಿಲ್ಲ, ನಾಲಿಗೆಗೆ ಮುಟ್ಟಿಸಿದ್ದಷ್ಟೇ. ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಿದ್ದೇನೆ. ಅವರಿಗೆ ಬಹಳ ಸಮಾಧಾನವಾಯಿತು. "ಓದ್ದೋರು ಅಂದ್ರೆ ಹಿಂಗಿರ್ಬೇಕು" ಎಂದರು. ಆ ಕಾಗದವನ್ನು ದೇವರ ಪಟದ ಹಿಂದೆ ಇಟ್ಟಿದ್ದಾರೆ. ಈಗ ಗಂಡನಿಗೆ ಏನು ಕೊಡಬೇಕೆಂಬ ಯೋಚನೆ ನನಗಿಲ್ಲ, ನೀವು ಬರೆದ ಹಾಗೆಯೇ ಅತ್ತೆ ಹೊತ್ತು ಹೊತ್ತಿಗೆ ಕೊಡುತ್ತಾರೆ.

ಎರಡನೆಯ ವಾರಕ್ಕೆ ಸರಿಹೋಗುತ್ತದೆ ಅಲ್ಲವಾ?

ರಂಜಿನಿ

*

ಭದ್ರಾವತಿ
2 ಏಪ್ರಿಲ್ 1998

ರಂಜಿನಿಯವರಿಗೆ,

ಸರಿಹೋಗಬೇಕು. ಕಾಯಿರಿ. ನೀರಿಗೆ ಉಪ್ಪು ಸಕ್ಕರೆ ಹಾಕಿ ಗುಟುಕು ಗುಟುಕಾಗಿ ಕುಡಿಸಿ. ಹಂಡೆಯ ನೀರು ಮೈ ಸುಡದಂತೆ ನೀವೇ ಕೈ ಹಾಕಿ ನೋಡಿ ಕೊಡಿ. ಯಾವುದಕ್ಕೂ ಹತ್ತು ದಿನ ಬಿಟ್ಟು ಬರೆಯಿರಿ.

ಡಾ. ಅಕ್ಷರಾ

*

ಆಲ್ಕೊಳ
9 ಏಪ್ರಿಲ್ 1998

ಮೇಡಂ,

ಹತ್ತು ದಿನ ಕಾಯಲಿಕ್ಕೆ ಆಗಲಿಲ್ಲ. ಹೆಚ್ಚಾಗಿದೆ. ಮೊದಲು ರಾತ್ರಿಯಾದರೂ ವಾಂತಿ ಬಿಡುತ್ತಿತ್ತು, ಈಗ ಹಗಲೂ ರಾತ್ರಿಯೂ ಇದೆ. ಬೆನ್ನಿನ ಚರ್ಮ ಬೆಂದು ಕೆಂಪಾಗಿ ಸುಲಿದಿದೆ, ಆದರೂ ನೀರು ಸಾಲದು ಎನ್ನುತ್ತಾರೆ. ಬಚ್ಚಲಿಂದ ಬಂದವರು ಮಂಕಾಗಿ ಗೋಡೆ ನೋಡುತ್ತ ಕೂರುತ್ತಾರೆ, ಕಣ್ಣು ಕೆಂಪು. ಕರೆದರೆ ತುಸು ತಡೆದು ತಿರುಗುತ್ತಾರೆ. ಕವನ ಅವರ ಹತ್ತಿರ ಹೋಗಲಿಕ್ಕೆ ಹೆದರುತ್ತಾಳೆ.

ಸೇದುವುದು ಬಿಟ್ಟದ್ದಕ್ಕೇ ಹೀಗಾಯಿತಾ ಮೇಡಂ? ಯೋಗರಾಜ್ ಹಾಗೇ ಹೇಳುತ್ತಿದ್ದಾನೆ.

ರಂಜಿನಿ

*

ಭದ್ರಾವತಿ
12 ಏಪ್ರಿಲ್ 1998

ರಂಜಿನಿ,

ಕಟುವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೆಂಪು ಕಣ್ಣು, ಮಂಕು, ಕರೆದರೆ ತಡೆದು ತಿರುಗುವುದು, ಇವು ಬಿಟ್ಟವರ ಲಕ್ಷಣವಲ್ಲ. ಅವರು ಸೇದುತ್ತಿದ್ದಾರೆ. ನಿಮ್ಮೆದುರು ಒಲೆಗೆ ಹಾಕಿದ್ದು ಸ್ವಲ್ಪ, ಉಳಿಸಿಕೊಂಡದ್ದು ಎಲ್ಲೋ ಇದೆ. ಚಟ ಇರುವವರು ಹೆಂಡತಿಗೆ ಸುಳ್ಳು ಹೇಳುವುದನ್ನು ನಾನು ದಿನವೂ ನೋಡುತ್ತೇನೆ, ಅದರಲ್ಲಿ ಆಶ್ಚರ್ಯವೇನಿಲ್ಲ. ಜೇಬು, ಹಾಸಿಗೆ, ಬಚ್ಚಲ ಸೂರು, ಎಲ್ಲ ಕಡೆ ಹುಡುಕಿ. ಮನೆಗೆ ಯಾರು ಬಂದು ಹೋಗುತ್ತಾರೆಂದು ನೋಡಿ.

ಮೂತ್ರ ಕಡಿಮೆಯಾದರೆ, ಎದ್ದು ನಿಂತಾಗ ತಲೆ ಸುತ್ತಿದರೆ ಕೂಡಲೇ ಆಸ್ಪತ್ರೆಗೆ ಸೇರಿಸಿ. ನಾಚಿಕೆ ಪಟ್ಟುಕೊಂಡು ಕೂರುವ ಕಾಲ ಇದಲ್ಲ.

ಅಕ್ಷರಾ

*

ಭದ್ರಾವತಿ
21 ಏಪ್ರಿಲ್ 1998

ರಂಜಿನಿ,

ನಿಮ್ಮ ಉತ್ತರ ಬಂದಿಲ್ಲ. ದಿನವೂ ಅಂಚೆಯವನ ದಾರಿ ನೋಡುತ್ತಿದ್ದೇನೆ. ನಮ್ಮ ಕಾಂಪೌಂಡರ್ ಹತ್ತಿರ "ಶಿವಮೊಗ್ಗದ ಕಾಗದ ಬಂತಾ?" ಎಂದು ಕೇಳಿ ಕೇಳಿ ಅವನು ಈಗ ಕೇಳುವ ಮೊದಲೇ ತಲೆ ಅಲ್ಲಾಡಿಸುತ್ತಾನೆ.

ಹಿಂದಿನ ಕಾಗದದಲ್ಲಿ ಬರೆಯದ ಒಂದು ಮಾತಿದೆ. ನಾನು ಹೇಳಿದ್ದು ತಪ್ಪೂ ಇರಬಹುದು. ಈ ಕಾಯಿಲೆ ನನ್ನ ಯಾವ ಪುಸ್ತಕದಲ್ಲೂ ಇಲ್ಲ. ಒಬ್ಬ ಡ್ರೈವರನ್ನು ನೋಡಿ ಕಟ್ಟಿದ ಲೆಕ್ಕ ಇದು. ತಲೆಯೊಳಗೆ ಗೆಡ್ಡೆ ಇದ್ದರೂ ಹೀಗೆ ವಾಂತಿಯಾಗುತ್ತದೆ. ಅದನ್ನು ಬಿಟ್ಟು ನಾನು ಗಾಂಜಾ ಗಾಂಜಾ ಎಂದು ಕೂತೆನೋ ಎಂದು ನನಗೇ ಭಯವಾಗಿದೆ. ಹೆದರಬೇಡಿ ಎಂದು ನಿಮಗೆ ಬರೆದ ದಿನವೂ ನಾನು ಹೆದರಿದ್ದೆ.

ಒಂದು ಸಾಲಾದರೂ ಬರೆಯಿರಿ.

ಅಕ್ಷರಾ

*

ಆಲ್ಕೊಳ
23 ಏಪ್ರಿಲ್ 1998

ಮೇಡಂ,

ನಿಮ್ಮ ಎರಡೂ ಕಾಗದ ಬಂದಿವೆ. ಉತ್ತರ ಬರೆಯಲಿಕ್ಕೆ ಮುಖ ಇರಲಿಲ್ಲ.

ನೀವು ಹೇಳಿದಂತೆ ಹುಡುಕಿದೆ. ಏನೂ ಸಿಗಲಿಲ್ಲ. ದಿಂಬು ಬಿಚ್ಚುವಾಗ ಅವರು ನೋಡಿಬಿಟ್ಟರು. ಕವನಳನ್ನು ಎಳೆದುಕೊಂಡು ಅವಳ ತಲೆಯ ಮೇಲೆ ಕೈಯಿಟ್ಟು, "ಆವತ್ತಿಂದ ಒಂದ್ ದಮ್ ಎಳೆದಿಲ್ಲ ಕಣೇ. ನೀನೂ ನನ್ನ ನಂಬಲ್ವಲ್ಲ" ಎಂದರು. ನಾನು ನಂಬಲಿಲ್ಲ ಮೇಡಂ. ನಿಮ್ಮನ್ನು ನಂಬಿದೆ. ಮಗಳ ತಲೆ ಮುಟ್ಟಿ ಸುಳ್ಳು ಹೇಳಿದಿರಿ ಎಂದೆ. ಅಲ್ಲಿಂದ ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಹಂಡೆಗೆ ನೀರು ಬೇಕೆಂದರೂ ತಾಯಿಯನ್ನೇ ಕೇಳುತ್ತಾರೆ.

ಯೋಗರಾಜ್ ಯಾರನ್ನೋ ಗೊತ್ತು ಮಾಡಿದ್ದಾನೆ, ಮಾಟ ತೆಗೆಯುವವರಂತೆ. ಭಾನುವಾರ ಅಮಾವಾಸ್ಯೆಗೆ ಇವರನ್ನು ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಮೂರು ದಿನ ಕೂರಿಸುತ್ತಾರೆ, ಒಂದು ಹನಿ ನೀರೂ ಕೊಡುವ ಹಾಗಿಲ್ಲವಂತೆ. ನಿನ್ನೆ ಬಚ್ಚಲಲ್ಲಿ ಎದ್ದು ನಿಂತವರು ಹಾಗೇ ಕುಸಿದರು. ಆಸ್ಪತ್ರೆಗೆ ಹೋಗೋಣ ಎಂದರೆ ಏನೂ ಸಿಕ್ಕದ ಕಡೆಗೆ ಮತ್ತೆ ಯಾಕೆ ಎನ್ನುತ್ತಾನೆ ಯೋಗರಾಜ್.

ನಾನು ನಿನ್ನೆಯಿಂದ ಏನೂ ತಿಂದಿಲ್ಲ. ಮಧ್ಯಾಹ್ನ ಹಸಿವಾಗಿ, ಅತ್ತೆಯ ಡಬ್ಬದಲ್ಲಿದ್ದ ಉಂಡೆ ಎರಡು ತಿಂದು ಅಂಗಡಿಗೆ ಬಂದೆ. ಇಲ್ಲಿ ಕೂತು ಬರೆಯುತ್ತಿ

ಮೇಡಂ ಏನೋ ಆಗುತ್ತಿದೆ. ಮೇಲಿನ ಸಾಲುಗಳನ್ನು ಈಗ ಬರೆದೆನೋ ನಿನ್ನೆ ಬರೆದೆನೋ ತಿಳಿಯುತ್ತಿಲ್ಲ. ಬಾಯಿ ಒಣಗಿ ನಾಲಿಗೆ ಬಟ್ಟೆಯ ಚೂರಿನ ಹಾಗಿದೆ. ಮಿಷನ್ನಿನ ಸದ್ದು ನನ್ನ ಎದೆಯೊಳಗಿಂದ ಬರುತ್ತಿದೆ, ಪುಷ್ಪಮ್ಮ ಮಿಷನ್ ನಿಲ್ಲಿಸಿದರೂ ನಿಲ್ಲುತ್ತಿಲ್ಲ. ಪುಷ್ಪಮ್ಮ ಏನೋ ಕೇಳಿದರು. ನಾನು ನಕ್ಕೆ. ಯಾಕೆ ನಕ್ಕೆ? ನನ್ನ ಗಂಡ ಸಾಯುತ್ತಿದ್ದಾರೆ, ನಾನು ನಗುತ್ತಿದ್ದೇನೆ. ಪುಷ್ಪಮ್ಮ ನನ್ನ ಕಣ್ಣು ನೋಡಿ ಅಳ್ತಿದ್ಯಾ, ಯಾಕಿಷ್ಟು ಕೆಂಪು ಎಂದರು. ಕನ್ನಡಿ ನೋಡಿದೆ. ನಮ್ಮವರ ಕಣ್ಣಿನ ಹಾಗೇ ಇದೆ. ಅದೇ ಕಣ್ಣು. ನನಗೂ ಬಂತು ಮೇಡಂ, ಅವರಿಗೆ ಹಿಡಿದದ್ದು ನನಗೂ ಹಿಡಿಯಿತು. ಇನ್ನು ಕವನಳಿಗೆ. ಕೈ ನನ್ನದಲ್ಲ, ಅದೇ ಬರೆಯುತ್ತಿದೆ. ಬಾಗಿಲು ದೂರ ಹೋಗುತ್ತಿದೆ. ಎದ್ದರೆ ಬೀಳುತ್ತೇನೆ. ಪುಷ್ಪಮ್ಮನ ಕೈಗೆ ಕೊಡುತ್ತೇನೆ, ಅವರು ಅಂಚೆ ಡಬ್ಬಿಗೆ ಹಾಕಲಿ, ಹಾಕುತ್ತಾರಾ

*

ತಂತಿ
ಭದ್ರಾವತಿ, 25 ಏಪ್ರಿಲ್ 1998

ರಂಜಿನಿ, ಪುಷ್ಪಮ್ಮನವರ ಹೊಲಿಗೆ ಅಂಗಡಿ, ಆಲ್ಕೊಳ, ಶಿವಮೊಗ್ಗ.

ಉಂಡೆ ನಿಲ್ಲಿಸಿ. ಯಾರೂ ತಿನ್ನಬೇಡಿ. ಕಾಂತರಾಜ್ ಎಲ್ಲಿಗೂ ಹೋಗಕೂಡದು. ಹೊರಟಿದ್ದೇನೆ. ಅಕ್ಷರಾ.

*

ಆಲ್ಕೊಳ
8 ಮೇ 1998

ಮೇಡಂ ಅವರಿಗೆ ರಂಜಿನಿಯ ನಮಸ್ಕಾರಗಳು.

ನಿಮ್ಮ ತಂತಿ ನೀವು ಬಂದು ಹೋದ ಮಾರನೆಯ ದಿನ ಬಂತು. ನೀವು ಬಸ್ ಹಿಡಿದದ್ದೇ ಒಳ್ಳೆಯದಾಯಿತು.

ಇವರು ಆಸ್ಪತ್ರೆಯಿಂದ ಮೊನ್ನೆ ಮನೆಗೆ ಬಂದರು. ಇನ್ನೊಂದು ದಿನ ತಡವಾಗಿದ್ದರೆ ಕಿಡ್ನಿ ಉಳಿಯುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು. ನೀವು ಬಂದ ಮಾರನೆಯ ದಿನವೇ ಅಮಾವಾಸ್ಯೆ ಇತ್ತು. ಈಗ ವಾಂತಿ ಇಲ್ಲ. ನಿನ್ನೆ ಬೆಳಿಗ್ಗೆ ತಣ್ಣೀರಲ್ಲಿ ಸ್ನಾನ ಮಾಡಿದರು. ಬಚ್ಚಲ ಒಲೆ ಹಚ್ಚದೆ ದಿನ ಕಳೆದದ್ದು ಎಷ್ಟು ತಿಂಗಳ ಮೇಲೋ.

ಅವರನ್ನು ಕೇಳಿದೆ: ಉಂಡೆಯಲ್ಲಿ ಏನಿತ್ತೆಂದು ನಿಮಗೆ ಗೊತ್ತಿರಲಿಲ್ಲವಾ? "ಗೊತ್ತಿತ್ತು. ತಿಂದ ಮೇಲೆ ಗೊತ್ತಾಗ್ದೆ ಇರುತ್ತಾ?" ಎಂದರು. "ಆದ್ರೆ ಸೇದೋದು ನನ್ನ ಚಟ. ಅದು ಅಮ್ಮ ಕೊಡೋ ಮದ್ದು. ಎರಡೂ ಒಂದೇ ಅಂತ ಹೆಂಗ್ ಅಂದ್ಕೊಳ್ಳಿ?" ಮಗಳ ತಲೆ ಮುಟ್ಟಿ ಅವರು ಹೇಳಿದ್ದು ನಿಜವೇ. ನಾನು ಕ್ಷಮೆ ಕೇಳಿದೆ. ಬಿಡು ಎಂದರು.

ಈಗ ನಿಮಗೆ ಹೇಳಬೇಕಾದದ್ದು. ಆವತ್ತು ನೀವು ಉಂಡೆ ಮುರಿದು ಮೂಸಿ, ಇದರಲ್ಲಿ ಯಾವ ಸೊಪ್ಪು ಎಂದು ಕೇಳಿದಾಗ ಅತ್ತೆ ಏನೂ ಮುಚ್ಚಿಡದೆ ಹೇಳಿದರಲ್ಲ: "ಭಂಗಿ ಸೊಪ್ಪು ಕಣಮ್ಮ. ದನಕ್ಕೆ ಹೊಟ್ಟೆ ಕೆಟ್ರೂ ಅದೇ, ಮನುಷ್ಯರಿಗೂ ಅದೇ. ನೀವೇ ಬರ್ದಿದ್ರಲ್ಲ, ಮತ್ತೆ ಮತ್ತೆ ಕೊಡಿ ಅಂತ." ಆಮೇಲೆ ದೇವರ ಪಟದ ಹಿಂದಿನಿಂದ ನಿಮ್ಮ ಕಾಗದ ತೆಗೆದು ನಿಮಗೇ ತೋರಿಸಿದರು. ಎರಡು ಗಂಟೆಗೊಂದು ಕೊಡುತ್ತಿದ್ದರಂತೆ. ನೀವು ಕಾಗದ ಓದಿ ನನ್ನ ಮುಖ ನೋಡಿದಿರಿ. ನೀವು ಏನು ಯೋಚಿಸುತ್ತಿದ್ದಿರಿ ಎಂದು ನನಗೆ ತಿಳಿಯಿತು. ಅದೇ ಕಾಗದದ ಮೇಲಿನ ಅರ್ಧದಲ್ಲಿ ಗಾಂಜಾ ಪೂರ್ತಿ ನಿಲ್ಲಿಸಬೇಕು ಎಂದು ಬರೆದಿದೆಯಲ್ಲ, ಅತ್ತೆ ಹೇಗೆ ಕೊಟ್ಟರು ಎಂದು.

ಆ ಅರ್ಧವನ್ನು ನಾನು ಓದಲಿಲ್ಲ ಮೇಡಂ. ಅತ್ತೆಗೆ ಅಕ್ಷರ ಬರುವುದಿಲ್ಲ. ಗಂಡನ ಚಟವನ್ನು ಅವರ ತಾಯಿಯ ಮುಂದೆ ಆಡಲಿಕ್ಕೆ ನಾಚಿಕೆಯಾಗಿ, "ಅತ್ತೆಯವರ ಉಂಡೆ" ಎನ್ನುವಲ್ಲಿಂದ ಕೆಳಗೆ ಮಾತ್ರ ಓದಿ ಹೇಳಿದೆ. ಅವರಿಗೆ ಆವತ್ತು ಮೇಲಿನದನ್ನೂ ಓದಿದ್ದರೆ, ಗಾಂಜಾನೂ ಭಂಗಿ ಸೊಪ್ಪೂ ಒಂದೇ ಗಿಡ ಅಲ್ವೇನೇ ಎಂದು ಅವರೇ ಕೇಳಿರುತ್ತಿದ್ದರು.

ಅತ್ತೆಗೆ ಈಗ ಎಲ್ಲ ಗೊತ್ತು. ಯೋಗರಾಜ್ ಸಿಟ್ಟಿನಲ್ಲಿ, "ಮಗಂಗೆ ವಿಷ ಹಾಕಿದ್ಯಲ್ಲಮ್ಮ" ಎಂದುಬಿಟ್ಟ. ಅಲ್ಲಿಂದ ಅವರು ಅಡಿಗೆಮನೆಗೆ ಬಂದಿಲ್ಲ. ಹಿಂದಿನ ಕಟ್ಟೆಯ ಮೇಲೆ ಕೂತಿರುತ್ತಾರೆ. ಕೊಟ್ಟರೆ ಒಂದು ತುತ್ತು ತಿಂದು ತಟ್ಟೆ ದೂಡುತ್ತಾರೆ. ಗಂಡ ಉಳಿದರು. ಅತ್ತೆಗೆ ಏನಾಗಿಬಿಡುತ್ತದೋ ಎಂದು ಈಗ ಈ ಹೊಸ ಭಯ. ಹಿಂದಿನ ಮನೆಯ ಬಾವಿ ಆ ಕಟ್ಟೆಗೆ ಹತ್ತಿರ.

ರಂಜಿನಿ

*

ಭದ್ರಾವತಿ
12 ಮೇ 1998

ರಂಜಿನಿ, ಈ ಕಾಗದ ಹಾಲಮ್ಮನವರಿಗೆ. ಪೂರ್ತಿ ಓದಿ ಹೇಳಿ. ಒಂದು ಅಕ್ಷರ ಬಿಡಬೇಡಿ.

ಹಾಲಮ್ಮನವರಿಗೆ ಅಕ್ಷರಾ ಮಾಡುವ ನಮಸ್ಕಾರ.

ಅಮ್ಮಾ, ಇದನ್ನು ಬರೆಯುವ ಮೊದಲು ಎರಡು ಹಾಳೆ ಹರಿದಿದ್ದೇನೆ. ನೀವು ಮಗನಿಗೆ ವಿಷ ಕೊಡಲಿಲ್ಲ. ಡಾಕ್ಟರನ್ನು ಕೇಳದೆ ಹೆಚ್ಚು ಕೊಡುವವರಲ್ಲ ನೀವು, ಸೊಸೆಯ ಕೈಲಿ ಕೇಳಿಸಿದಿರಿ. ಬೇಡವೆಂದರೆ ನಿಲ್ಲಿಸುತ್ತೇನೆ ಎಂದೂ ಹೇಳಿ ಕಳಿಸಿದಿರಿ. ಕೊಡಿ ಎಂದವಳು ನಾನು. ಮತ್ತೆ ಮತ್ತೆ ಕೊಡಿ ಎಂದವಳೂ ನಾನೇ. ಪುಡಿ ಯಾವ ಸೊಪ್ಪಿನದು ಎಂದು ಒಂದು ಮಾತು ಕೇಳಿದ್ದರೆ ನೀವು ಹೇಳುತ್ತಿದ್ದಿರಿ. ನಾನು ಕೇಳಲಿಲ್ಲ. ಸೇದುವ ಗಂಡಸರನ್ನು ಕೇಳುವುದು ನನಗೆ ಗೊತ್ತಿತ್ತು, ಒಲೆಯ ಮುಂದೆ ಕೂತವರನ್ನು ಕೇಳಬೇಕೆಂದು ಹೊಳೆಯಲಿಲ್ಲ. ಆಮೇಲೆ ನಿಮ್ಮ ಮಗನನ್ನೇ ಸುಳ್ಳುಗಾರನೆಂದೆ.

ಆ ಸೊಪ್ಪು ನಿಮ್ಮ ಕಾಲದಲ್ಲಿ ಎಷ್ಟೋ ಜನರ ಹೊಟ್ಟೆ ಸರಿಮಾಡಿರಬಹುದು. ನಿಮ್ಮ ಮಗನ ಮೈಗೆ ಮಾತ್ರ ಅದು ಇನ್ನು ಬದುಕಿರುವವರೆಗೂ ಬೇಡ, ಹೊಗೆಯಾಗಿಯೂ ಬೇಡ, ಉಂಡೆಯಾಗಿಯೂ ಬೇಡ.

ಯೋಗರಾಜನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅದು ಹೆದರಿದವನ ಮಾತು. ನೀವು ಒಂದು ಕೆಲಸ ಮಾಡಬೇಕು. ನಾಳೆ ಎದ್ದು ಅಡಿಗೆಮನೆಗೆ ಹೋಗಿ ತೆಳ್ಳಗೆ ಗಂಜಿ ಮಾಡಿ, ನಿಮ್ಮ ಕೈಯಿಂದಲೇ ಮಗನಿಗೆ ಬಡಿಸಿ. ಇದು ಡಾಕ್ಟರ್ ಹೇಳಿದ್ದು ಎಂದು ತಿಳಿಯಿರಿ.

ಅಕ್ಷರಾ

*

ಆಲ್ಕೊಳ
21 ಮೇ 1998

ಮೇಡಂ ಅವರಿಗೆ ರಂಜಿನಿಯ ನಮಸ್ಕಾರಗಳು.

ಒಂದಕ್ಷರವೂ ಬಿಡದೆ ಓದಿದೆ. ಈ ಸಲ ಅವರು ಕಾಗದವನ್ನು ದೇವರ ಪಟದ ಹಿಂದೆ ಇಡಲಿಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡರು. ಆಮೇಲೆ "ಡಾಕ್ಟ್ರಮ್ಮನ ಮನೇಲಿ ಅವ್ರಮ್ಮ ಇದಾರಾ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಮಾರನೆಯ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಡಿಗೆಮನೆಯಲ್ಲಿ ಒಲೆ ಹೊತ್ತಿತ್ತು. ನುಚ್ಚಕ್ಕಿ ಗಂಜಿ ಮಾಡಿದ್ದರು. ಇವರನ್ನು ಕರೆದು ಮಣೆ ಹಾಕಿ ಕೂರಿಸಿ ಬಡಿಸಿದರು. ಇವರು ತಟ್ಟೆಗೆ ಕೈ ಹಾಕಿದವರು ಒಂದು ಗಳಿಗೆ ಹಾಗೇ ತಡೆದರು. ಬೇಕೆಂದು ತಡೆದದ್ದಲ್ಲ ಮೇಡಂ, ನಾನು ನೋಡುತ್ತಿದ್ದೆ, ಕೈ ತಾನಾಗಿ ನಿಂತಿತು. ಆಮೇಲೆ ಉಂಡರು. ಇನ್ನೊಂದು ಸೌಟು ಹಾಕಮ್ಮ ಎಂದೂ ಕೇಳಿದರು. ಅವರಿಗೆ ತಾವು ತಡೆದದ್ದು ಗೊತ್ತೂ ಇಲ್ಲ. ಅತ್ತೆಗೆ ಗೊತ್ತಾಯಿತು.

ಈಗ ಅವರು ಮೊದಲಿನ ಹಾಗೆ ಅಡಿಗೆ ಮಾಡುತ್ತಾರೆ, ನಮ್ಮ ಜೊತೆ ಕೂತು ಊಟ ಮಾಡುತ್ತಾರೆ, ಕವನಳ ಜಡೆ ಹಾಕುತ್ತಾರೆ. ಬಾವಿಯ ಭಯ ನನಗೆ ಹೋಗಿದೆ. ಮುಂದಿನ ವಾರ ಇವರು ಕೆಲಸಕ್ಕೆ ಹಾಜರಾಗುತ್ತಾರೆ, ನಿಮ್ಮಲ್ಲಿಗೂ ಬರುತ್ತಾರಂತೆ. ಚಪ್ಪಲಿ ತೆಗೆದಿಟ್ಟಿರಿ.

ಆದರೆ ಒಂದು ಹೊಸ ಅಭ್ಯಾಸ ಶುರುವಾಗಿದೆ. ಇವರಿಗೆ ಏನೇ ಬಡಿಸುವುದಿದ್ದರೂ, ಅನ್ನವಾಗಲಿ ಸಾರಾಗಲಿ ಒಂದು ಲೋಟ ಮಜ್ಜಿಗೆಯಾಗಲಿ, ಅತ್ತೆ ಮೊದಲು ಸೌಟಿನಿಂದ ತಮ್ಮ ಅಂಗೈಗೆ ತುಸು ಹಾಕಿಕೊಂಡು, ಇವರ ಮುಂದೆಯೇ ತಿಂದು ತೋರಿಸಿ, ಆಮೇಲೆ ಬಡಿಸುತ್ತಾರೆ. ಯಾರೂ ಹೇಳಿದ್ದಲ್ಲ.

ಬೇಡಮ್ಮ ಎಂದು ಇವರು ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ರಂಜಿನಿ